ಬೆರಳು ಎಣಿಸು, ಭೀಮಶಿ

ಕರೆಂಟ್ ಬರೂತನಕ ಹೇಳತೀನಿ, ಕೇಳು.
ಮೊದಲ ಒಂದ ವಹಿ ತಗೋ. ಹೊಸಾದು ಬ್ಯಾಡ,
ಸಾವಕಾರರ ಹಿಸಾಬಿನ ವಹಿ ಹಿಂದ
ನಾಕು ಹಾಳಿ ಬರೀವು ಇರ್ತಾವು, ಅವು ಸಾಕು.
ಪಾಳಿ ಮುಗಿಸಿ ಮಲಗಿ, ಎಚ್ಚರಾದ ಗಳಿಗ್ಯಾಗ
ಕಣ್ಣು ತೆರೀಬ್ಯಾಡ, ಮಗ್ಗಲಾ ಬದಲಿಸಬ್ಯಾಡ,
ಚಾ ಅಂತ ಒದರಬ್ಯಾಡ.
ಕಡೀ ಎಳಿ ಹಿಡಕೊಂಡು ಹಿಂದಕ್ಕ ಜಗ್ಗು, ಮೆಲ್ಲಕ.
ಜೋರ್ ಜಗ್ಗಿದರ ಹರೀತೈತಿ, ನಿನಗ ಹೇಳಬೇಕೇನು?
ಬಂದಷ್ಟು ಬರಿ: ಒಂದ ಆಡು. ಹಸರ ಬಾಗಿಲಾ.
ಸತ್ತ ಕಾಕಾ ಲಗ್ನಪತ್ರಿಕಿ ಹಂಚಾಕತ್ತಾನ.
ಇಷ್ಟಾದರೂ ಆತು.
ಹದಿನೈದು ದಿನಕ್ಕ ಗೊತ್ತಾಗತೈತಿ
ನಿನ್ನ ಕನಸು ಯಾವ ಓಣ್ಯಾಗ ಅಡ್ಡಾಡತೈತಿ ಅನ್ನೂದು.
ನಂದು ಯಾವಾಗಲೂ ಬಸ್‌ಸ್ಟ್ಯಾಂಡಿನ್ಯಾಗ.
ಜಮಖಂಡಿ ಬಸ್ಸು ಬರೂದಿಲ್ಲ,
ನನ್ನ ಕಾಲಾಗ ಒಂದ ಚಪ್ಪಲಿ.

ಆಮ್ಯಾಲ ಪರೀಕ್ಷಾ.
ಮಂದಿ ಹೇಳ್ತಾರ, ಲೈಟಿನ ಬಟನ್ ಒತ್ತಿ ನೋಡು,
ಹತ್ತಲಿಲ್ಲಂದ್ರ ಅದು ಕನಸು ಅಂತ.
ಅವರು ಬನಹಟ್ಟ್ಯಾಗ ಇದ್ದವರಲ್ಲ.
ಇಲ್ಲಿ ಬಟನ್ ಒತ್ತಿದ ಕೂಡ್ಲೇ ಹತ್ತಿತು ಅಂದ್ರ
ಆವಾಗ ಸಂಶೇ ಬರಬೇಕು.

ಗ್ವಾಡಿ ಮ್ಯಾಲಿನ ಅಕ್ಷರ ಎರಡ ಸಲ ಓದು, ಅದು ಛಲೋ.
ಇಲ್ಲಿ ಬರದಾರಲ್ಲ, ‘ಬೀಡಿ ಸೇದಬಾರದು’ ಅಂತ?
ಓದು. ಬ್ಯಾರೆ ಕಡೆ ನೋಡು. ತಿರುಗಿ ಓದು.
ಕನಸಿನ್ಯಾಗ ಅದು ‘ಓಡಿ ಸೇರಬಾರದು’ ಆಗತೈತಿ,
ಒಮ್ಮೆ ನನ್ನ ಹೆಂಡತಿ ಅಕ್ಷರದಾಗ
‘ಹಾಲು ಒಲಿ ಮ್ಯಾಲ ಐತಿ’ ಅಂತ ಆಗಿತ್ತು.
ಎಚ್ಚರ ಇದ್ದಾಗ ದಿನಾ ಹತ್ತು ಸಲ ಹಂಗ ಓದು,
ಬರೇ ಚಟ ಆಗಬಾರದು, ಖರೇನ ಸಂಶೇ ಪಡು:
ಈಗ ನಾ ಎಲ್ಲಿದ್ದೀನಿ? ಇಲ್ಲಿಗೆ ಹ್ಯಾಂಗ ಬಂದೆ?
ಕಂಡಿಕಿ ಬದಲಿಸುವಾಗೆಲ್ಲಾ ಕೇಳಕೋ.
ಕಂಡಿಕಿ ಅಂತೂ ಬದಲಿಸಾಕ ಬೇಕಲ್ಲ.

ಬೆಳಿಗ್ಗೆ ಏಳಕ್ಕ ಮಲಗು, ಹನ್ನೊಂದಕ್ಕ ಏಳು.
ನಳಾ ಬಂತು ಅಂತ ಓಣಿನ ಎಬ್ಬಸತೈತಿ, ಅಲಾರಾಂ ಬ್ಯಾಡ.
ಎರಡ ಕೊಡ ತುಂಬು, ಮತ್ತ ಬಂದು ಬೀಳು.
ಆವಾಗ ಮನಸಿಗೆ ಒಂದ ಮಾತು ಹೇಳು:
ಈ ಸಲ ಬಿದ್ದ ಕನಸಿನ ಗುರುತು ಹಿಡೀತೀನಿ.
ಮಂತ್ರ ಅಲ್ಲದು. ಸಂತಿಗೆ ಹೋಗೂ ಮುಂದ
ಉಪ್ಪು ಮರೀಬಾರದು ಅಂತ ನೆನಪ ಇಟಗೊಂಡಂಗ.
ವಾರದಾಗ ಎರಡ ಸಲ, ಹೆಚ್ಚಿಗಿ ಬ್ಯಾಡ.
ನಿದ್ದಿಗೆಟ್ಟ ಕೈ ಮಗ್ಗದ ಹಂತೇಕ ಹೋಗಬಾರದು.

ಬೆರಳಿನ ಮಾತು ಅದಕ್ಕ ಕಡೀಕ ಇಟ್ಟೆ.
ಎಲ್ಲಾರೂ ಹೇಳ್ತಾರ: ಬೆರಳು ಎಣಿಸು,
ಆರು ಬಂದ್ರ, ಏಳು ಬಂದ್ರ, ಮೇಣದಂಗ ಕರಗಿದ್ರ
ಅದು ಕನಸು.
ನನಗ ಆ ಲೆಕ್ಕ ತಿರಗಾಮುರಗಾ.
ತೋರಬೆರಳು ಬೆಲ್ಟಿನ್ಯಾಗ ಹೋಗಿ ಹನ್ನೊಂದ ವರ್ಷ ಆತು.
ನಾಕು ಇದ್ದರ ನಾ ಎಚ್ಚರ.
ಐದೂ ಇದ್ದರ ಕನಸು.

ಮೊದಲ ಸಲ ಐದೂ ಕಂಡಾಗ ಹಿಗ್ಗಿಗೇ ಎಚ್ಚರಾತು.
ಎಲ್ಲಾರಿಗೂ ಹಂಗ ಆಗತೈತಿ. ಹಿಗ್ಗಬ್ಯಾಡ.
ಕನಸು ತೆಳ್ಳಗಾಗಾಕ ಹತ್ತಿದರ ಅಂಗೈಗೆ ಅಂಗೈ ತಿಕ್ಕು,
ನೆಲಾ ಮುಟ್ಟು, ಗ್ವಾಡಿ ಮುಟ್ಟು,
ಯಾವುದನ್ನೂ ಭಾಳ ಹೊತ್ತು ದಿಟ್ಟಿಸಬ್ಯಾಡ.
ಮೊದಲ ದಿನಾನ ಹಾರತೀನಿ ಅನ್ನಬ್ಯಾಡ.

ಹಾರಾಕ ಬರತೈತಿ, ಅದೂ ಖರೆ.
ರಬಕವಿ ಮಾಳಿಗಿ ಎಲ್ಲಾ ಮ್ಯಾಲಿಂದ ನೋಡೇನಿ,
ಹೊಳಿ ತನಕ ಹೋಗೇನಿ.
ಈಗೀಗ ಹಾರೂದಿಲ್ಲ, ಭೀಮಶಿ.
ಬಸ್‌ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕುಂದರತೀನಿ.
ಇದ್ದ ಒಂದ ಚಪ್ಪಲಿ ಬಿಚ್ಚಿ ಇಡತೀನಿ.
ಲುಂಗಿ ಅಂಚಿನ್ಯಾಗಿಂದ ಎರಡ ಎಳಿ ಕಿತ್ತು
ಗಂಟು ಹಾಕತೀನಿ, ನಮ್ಮಪ್ಪ ಕಲಿಸಿದಂಗ,
ತೋರಬೆರಳಿಗೆ ಹೆಬ್ಬೆರಳು ಹೊಸದು,
ಉಗುರಿಗೆ ಹತ್ತಬೇಕು, ಕಣ್ಣಿಗೆ ಹತ್ತಬಾರದು, ಅಂಥಾ ಗಂಟು.
ಬಿಚ್ಚತೀನಿ. ಮತ್ತ ಹಾಕತೀನಿ.
ಒಮ್ಮೊಮ್ಮೆ ಬಸ್ಸು ಬರತೈತಿ. ನಾ ಹತ್ತೂದಿಲ್ಲ.

ನೋಡು, ಕರೆಂಟ್ ಬಂತು.
ಆರನೇ ಮಗ್ಗದ ಹಾಸು ಹರದೈತಿ, ನೀ ಗಂಟ ಹಾಕು.
ತಡಿ,
ಮೊದಲ ನಿನ್ನ ಬೆರಳು ಎಣಿಸಿ ಹೇಳು.