ಮೇಲಕ್ಕೆ ಹರಿಯುವ ನೀಲಿ

ಪರಶುರಾಂಪುರದ ಹೆಣ್ಮಕ್ಕಳ ಶಾಲೆ, ಪಡುವಣ ಗೋಡೆ.
ಏಣಿಯ ಮೇಲೆ ಪೇಂಟರ್ ಗಾದ್ರಪ್ಪ,
ಕೆಳಗೆ ಡಬ್ಬಿ, ಅಟ್ಲಾಸು ಹಿಡಿದು ನಾನು.
ಏಳು ಖಂಡ ಮುಗಿದು ತಳದಲ್ಲಿ
ಅಂಗೈಯಷ್ಟು ನೀಲಿ ಉಳಿದಿತ್ತು.
ಭೂಪಟದ ನೆತ್ತಿಯಲ್ಲಿ, ಹಿಮದ ಬಿಳುಪಿನಲ್ಲಿ
ಜೇಡನ ನೂಲಿನಂಥ ಒಂದು ನದಿ.
ಪಕ್ಕದಲ್ಲಿ ಹೆಸರಿಲ್ಲ.

ಕುಂಚವನ್ನು ಬಡಗಲಿಗೆ ಎಳೆದ.
ಬಣ್ಣ ಮಾತು ಕೇಳದೆ ಕೆಳಗೆ ಸೋರಿತು.
"ನೀರು ಮ್ಯಾಕ್ಕೆ ಹರಿಯೋದುಂಟಾ ಸಾ?"
ಅಲ್ಲಿ ಬಡಗಲೇ ತಗ್ಗು, ಎಂದೆ.
ಹುಟ್ಟಿದ ಕಡೆ ಮೊದಲು ಕರಗುತ್ತೆ,
ಕಡಲ ಕಡೆ ಮುಖ ಇನ್ನೂ ಗಡ್ಡೆ.
ಬಂದ ನೀರು ಹೋಗಲಾರದೆ ದಡ ಹತ್ತುತ್ತೆ.
ಓದಿದ್ದೆ ಅಷ್ಟೆ;
ನೆಂದು ಬಂದವನಂತೆ ಹೇಳಿದೆ.

ಅವನು ಏಣಿಯಿಂದಲೇ ಕಾಂಪೌಂಡಿನಾಚೆ ನೋಡಿದ:
ಬಳ್ಳಾರಿ ಜಾಲಿ, ಮರಳು ತೋಡಿದ ಗುಂಡಿ,
ಗುಂಡಿಯಲ್ಲಿ ಒಂದು ಚಪ್ಪಲಿ.
"ನಮ್ಮ ಹಗರೀನೂ ಬಡಗಲಿಗೇ ಅಲ್ವಾ?"
ಹೌದಲ್ಲ.
ಪುಸ್ತಕದಲ್ಲಿ ವೇದಾವತಿ,
ಎಮ್ಮೆ ಮೈ ತೊಳೆದವರ ಬಾಯಲ್ಲಿ ಹಗರಿ,
ನಮ್ಮಜ್ಜಿಗೆ ಬರೀ ಹೊಳೆ.
ಯಾವುದಕ್ಕೆ ಓಗೊಡುತ್ತಿತ್ತೋ, ಓಡುತ್ತಿದ್ದಾಗ.

"ಅಲ್ಲೂ ಮೀನು ಹಿಡಿಯೋರು ಇರ್ತಾರೆ.
ಉಣ್ಣೋ ಹೊತ್ತಿಗೆ ಹುಡುಗ ಕಾಣದಿದ್ರೆ,
ಎಲ್ಲಿಗೋದ ಅಂದ್ರೆ, ಏನಂತಾರೆ?"
ನನ್ನ ಉತ್ತರಕ್ಕೆ ಕಾಯಲಿಲ್ಲ.
"ಹೊಳೆಗೋದ ಅಂತಾರೆ, ಬಿಡಿ."

ನೀಲಿಯಲ್ಲಿ ಕುಂಚದ ತುದಿ ಅದ್ದಿ
ಆ ಬಿಳುಪಿನಲ್ಲಿ ಎರಡೇ ಅಕ್ಷರ ಬರೆದ.
ನಾನು ತಡೆಯಲಿಲ್ಲ.

ಸೋರಿದ್ದನ್ನು ಒರೆಸಲು ಬಟ್ಟೆ ಕೊಟ್ಟೆ, ತಗೊಳ್ಳಲಿಲ್ಲ.
ಆ ಹನಿ ಸೈಬೀರಿಯಾ ಇಳಿದು,
ಹಿಮಾಲಯದ ಕಂದು ದಾಟಿ,
ನಾವಿರುವ ಚುಕ್ಕಿಯ ಹತ್ತಿರ ಬರುವಷ್ಟರಲ್ಲಿ
ಒಣಗಿತ್ತು.