ಮೂರು ಊಟ, ನಾಲ್ಕು ಚಾ

ಅಪ್ಪನ ಖಾತೆ ಪುಸ್ತಕದ ಅರವತ್ತೊಂದನೇ ಪುಟ
ಅಂಚಿನಲ್ಲಿ ಎಣ್ಣೆ ಕುಡಿದಿದೆ. ಮೇಲೆ ಗುಂಡಕ್ಷರದಲ್ಲಿ:
ಗಿಟಾರ್ ಮೊಂತೇರೊ, ಕೂಡ್, ಎರಡನೇ ಮಾಳಿಗೆ,
ಪೆಟ್ಟಿಗೆ ನಂಬರ್ ಹದಿನೇಳು.

ಧೋಬಿ ತಲಾವದಲ್ಲಿ ಆಗ ವಿಳಾಸವೆಂದರೆ ಅಷ್ಟೇ.
ಗೋವೆಯ ಒಂದೇ ಊರಿನ ಗಂಡಸರೆಲ್ಲ ಮಲಗುವ ಕೋಣೆ,
ಗೋಡೆಗುಂಟ ತಗಡಿನ ಪೆಟ್ಟಿಗೆಗಳು,
ಮೂಲೆಯ ಸಂತನಿಗೊಂದು ಕೆಂಪು ಬಲ್ಬು.
ಹಡಗಿನವರು ಬರುವರು, ಹೋಗುವರು.
ಅನಿಸೆತ್ ಮೊಂತೇರೊ ಮಾತ್ರ ಹಡಗು ಹತ್ತಲೇ ಇಲ್ಲ.

ರಾತ್ರಿ ಚರ್ಚ್‌ಗೇಟಿನ ಹೋಟೆಲಿನಲ್ಲಿ ಬಿಳಿ ಕೋಟು,
ಬಾಡಿಗೆಯದು, ಕಂಕುಳಲ್ಲಿ ಹೊಲಿಗೆ ಬಿಟ್ಟದ್ದು.
ಅದಕ್ಕೇ ಮೊಣಕೈ ಎತ್ತದೆ ನುಡಿಸುವ ಆ ಶೈಲಿ;
ಶಿಷ್ಯರು ಆಮೇಲೆ ಅದನ್ನು ಕಷ್ಟಪಟ್ಟು ಕಲಿತರು.
ಬೆಳಗ್ಗೆ ಮಹಾಲಕ್ಷ್ಮಿಯ ಸ್ಟುಡಿಯೊ:
ನಾಯಕಿ ಮೆಟ್ಟಿಲಿಳಿಯುವಷ್ಟು ಹೊತ್ತು ಗಿಟಾರು,
ಚೀಟಿಗೆ ಸಹಿ, ಮೂವತ್ತು ರೂಪಾಯಿ.
ಪರದೆಯ ಮೇಲೆ ಮೇಕಪ್ಪಿನವನ ಹೆಸರಿತ್ತು,
ಕುದುರೆ ಒದಗಿಸಿದವನದೂ ಇತ್ತು.

ಹನ್ನೊಂದೂವರೆಗೆ ನಮ್ಮ ಲಂಚ್ ಹೋಮು.
ಗಲ್ಲಾದಲ್ಲಿ ಅಪ್ಪ ಚಿಲ್ಲರೆ ಎಣಿಸುತ್ತ ಭಾಮಿನಿ ಗುನುಗುವನು,
ಆಟದ ಮೇಳದ ಹಿಂದೆ ಅಲೆದ ಕಾಲದ ಬಾಯಿಪಾಠ.
ಮೂರು ಮಾತ್ರೆ, ನಾಲ್ಕು ಮಾತ್ರೆ,
ಮತ್ತೆ ಮೂರು, ಮತ್ತೆ ನಾಲ್ಕು,
ನಡುವೆ ಅದೇ ನಡೆಯಲ್ಲಿ ಅಡುಗೆಮನೆಗೆ ಕೂಗು:
ಮೂರು ಊಟ! ನಾಲ್ಕು ಚಾ!

ಬಂಗುಡೆ ಸಾರಿನಲ್ಲಿ ಬೆರಳು ಹಾಗೇ ನಿಂತಿತು.
"ಏಳು," ಅಂದ ಮೊಂತೇರೊ.
"ಬಂಗೇರ, ನೀನು ಏಳರಲ್ಲಿ ಎಣಿಸುತ್ತೀ."
ಅಪ್ಪನಿಗೆ ಸಿಟ್ಟು: "ಲೆಕ್ಕ ಸರಿ ಇದೆ. ಬೇಕಾದರೆ ನೋಡು."

ಆ ವಾರವಿಡೀ ನಮ್ಮ ಬಿಲ್ಲುಗಳ ಬೆನ್ನಿಗೆ ಐದೈದು ಗೆರೆ.
ಶನಿವಾರ ರಾತ್ರಿ ಹೋಟೆಲಿನಲ್ಲಿ ಅದನ್ನು ನುಡಿಸಿದರಂತೆ.
ಕುಣಿಯಲು ಎದ್ದವರಿಗೆಲ್ಲ ಸುತ್ತಿಗೊಂದು ಹೆಜ್ಜೆ ತಪ್ಪಿ,
ಒಬ್ಬ ಪಾರ್ಸಿ ಹೆಂಗಸು ಮಾತ್ರ ಚಪ್ಪಲಿ ಬಿಟ್ಟು,
ಜೊತೆಗಾರನನ್ನೂ ಬಿಟ್ಟು,
ಕೊನೆವರೆಗೆ ಸರಿಯಾಗಿ ಕುಣಿದಳಂತೆ.
ಮ್ಯಾನೇಜರು, ಎರಡನೇ ಸಲ ಬೇಡ, ಅಂದ.

ಆಮೇಲೆ ತೆರಿಗೆ ಬಂತು, ಬ್ಯಾಂಡು ಹೋಯಿತು,
ಕೋಟು ಬಾಡಿಗೆಯವನಿಗೆ ಮರಳಿತು.
ಖಾತೆಯಲ್ಲಿ ಬಾಕಿ ನೂರಾ ಎಂಟು.
"ದುಡ್ಡಿಲ್ಲ," ಅಂದ. "ಹುಡುಗನನ್ನು ಕಳಿಸು."

ಹೀಗೆ ನಾನು ಗುರುವಾರಗಳಲ್ಲಿ ಸಾಲ ತೀರಿಸಿದೆ.
ಕೂಡಿನ ಮೆಟ್ಟಿಲೇ ಶಾಲೆ. ಬೈಗುಳ ಕೊಂಕಣಿಯಲ್ಲಿ,
ಪಾಠ ನನಗೆ ತಿಳಿಯುವ ಭಾಷೆಯಲ್ಲಿ:
"ಆ ಸ್ವರ ಬೇಸಿನವನು ಆಗಲೇ ಕೊಟ್ಟಾಯಿತು.
ಒಂದೇ ಟೇಬಲ್ಲಿಗೆ ಇಬ್ಬರು ನೀರಿಡುತ್ತಾರೇನೋ?"
ನಾನು ಬೆರಳೆತ್ತುವೆ. ಖಾಲಿ ಜಾಗ ಕೇಳಿಸುವುದು.
"ಹಾಂ. ಅದೇ. ಅದನ್ನು ಮುಟ್ಟಬೇಡ."

ಅಪ್ಪ ಬರೆಯುತ್ತ ಹೋದ:
ಪಾಠ ಒಂದು, ವಜಾ ಎರಡು ರೂಪಾಯಿ.
ಪಾಠ ಒಂದು, ವಜಾ ಎರಡು.
ಪಾಠ ಇಲ್ಲ, ಜ್ವರ; ಗಂಜಿ ಕಳಿಸಿದ್ದು ಲೆಕ್ಕಕ್ಕಿಲ್ಲ.

ನಾನು ಗಿಟಾರಿಗನಾಗಲಿಲ್ಲ, ಹೇಳಿಬಿಡುತ್ತೇನೆ.
ಬಾಂಬೆ ಸೆಂಟ್ರಲ್ಲಿನ ಪಾರ್ಸೆಲ್ ಆಫೀಸು, ಮೂವತ್ತೊಂದು ವರ್ಷ.
ಅವನ ಹುಡುಗರಲ್ಲಿ ಒಬ್ಬ ಹಡಗಿನಲ್ಲಿ ನುಡಿಸುತ್ತಾನೆ,
ಒಬ್ಬಳು ಬಾಂದ್ರಾದಲ್ಲಿ ಕಲಿಸುತ್ತಾಳೆ,
ಸ್ವಂತ ಕೋಟಿದ್ದೂ ಮೊಣಕೈ ಎತ್ತುವುದಿಲ್ಲ.
ಒಮ್ಮೊಮ್ಮೆ ಲೋಕಲ್ಲಿನಲ್ಲಿ ಯಾರದೋ ಫೋನಿನಿಂದ
ಆ ಹಳೆಯ ಮೆಟ್ಟಿಲಿಳಿಯುವ ಹಾಡು ಬರುತ್ತದೆ.
ಪಕ್ಕದವನ ಭುಜ ತಟ್ಟಲು ಕೈ ಏಳುತ್ತದೆ,
ಅಷ್ಟರಲ್ಲಿ ನಾಯಕಿ ಕೆಳಗೆ ತಲುಪಿರುತ್ತಾಳೆ.

ಅವನು ಹೋದ ಮೇಲೆ ಕೂಡಿನ ರಿವಾಜಿನಂತೆ
ಎಲ್ಲರೆದುರು ಪೆಟ್ಟಿಗೆ ತೆರೆದರು.
ಒಂದು ರೇಜರು, ಬಿಚ್ಚದ ತಂತಿಯ ಮೂರು ಪೊಟ್ಟಣ,
ಮುರಿದ ತಂತಿಗೆ ಪೋಣಿಸಿದ ನಮ್ಮ ಬಿಲ್ಲುಗಳು.
ರಾಗಕ್ಕೆ ಹೆಸರಿಟ್ಟಿರಲಿಲ್ಲ.
ತಿರುವಿದರೆ ಅಪ್ಪನ ಕೈ: ಮೂರು ಊಟ, ನಾಲ್ಕು ಚಾ.

ಈಗ ರಿಟೈರಾದವನು, ಡೊಂಬಿವಲಿಯ ಬಾಲ್ಕನಿಯಲ್ಲಿ
ಅದನ್ನೇ ತಡವರಿಸುತ್ತೇನೆ.
ಆರನೇ ಸಾಲಿನಲ್ಲಿ ಒಂದು ಕಂದು ಚುಕ್ಕೆ:
ಸ್ವರವೋ, ಸಾರು ಸಿಡಿದದ್ದೋ, ಗೊತ್ತಾಗುವುದಿಲ್ಲ.
ಒಂದು ದಿನ ನುಡಿಸುತ್ತೇನೆ.
ಒಂದು ದಿನ ಬಿಡುತ್ತೇನೆ.