ತಣ್ಣಗಿರುವಾಗ

ಹದಿನೇಳು ವರ್ಷ ನನ್ನ ಹೊತ್ತ ಜೀಪು
ಈಗ ಬೆಳಿಗ್ಗೆ ಮೂರು ಸಲ ಕೆಮ್ಮಿ
ನಾಲ್ಕನೆಯದಕ್ಕೆ ಬಿಳಿ ಹೊಗೆ ಉಗುಳಿ ಏಳುತ್ತದೆ.
ವಾಳಪೈ ದಾಟಿದರೆ ಗೇರು ತೋಟಗಳಿಗೆ ಡಾಂಬರಿಲ್ಲ,
ಪಂಪು ಕೆಟ್ಟವರು ಕರೆಯುವುದು ಅಲ್ಲಿಂದಲೇ.
ಹಿಂದೆ ಚೈನ್ ಪುಲ್ಲಿ, ಪೈಪು, ಮುಂದೆ ನಾನು, ಬುತ್ತಿ,
ಕೆಳಗೆ ಹಳ್ಳ.

"ಇದಕ್ಕ ಇನ್ನ ಎಷ್ಟು ರೊಕ್ಕ ಸುರೀತಿ?" ಅಂದಳು ನೀಲವ್ವ,
ಇಂಜೆಕ್ಟರಿನ ಬಿಲ್ಲನ್ನು ಹಿಟ್ಟಿನ ಡಬ್ಬಿಯ ಕೆಳಗಿಡುತ್ತ.
ಅಲ್ಲಿ ಅಂಥವು ಆಗಲೇ ಆರಿದ್ದವು.

ನೋಡಲು ಜೊತೆಗೆ ಕಾಯ್ತಾನ ಬಂದ, ಫೋಂಡಾದ ಮಿಸ್ತ್ರಿ,
ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ಎಂಜಿನ್ನಿನ ಎದೆ ಆಲಿಸುವವನು.
ಅವನದೊಂದೇ ನೇಮ: ಮಾತಿಗೆ ಮೊದಲು
ಬಾನೆಟ್ಟಿನ ಮೇಲೆ ಅಂಗೈ.
ಬಿಸಿಯಿದ್ದರೆ ಚಾವಿಯನ್ನೂ ಕೇಳುವುದಿಲ್ಲ.
"ನಾವು ಬರೋ ಮೊದಲೇ ಎಬ್ಬಿಸಿ
ಮುಖ ತೊಳೆಸಿದಾರೆ, ಪಾತ್ರಾಂವ್. ನಡಿ."

ಕಲಂಗುಟಿನದು ಹಸಿರು, ಹೊಸ ಟೈರು, ದೊಡ್ಡ ದೀಪ.
ಅಡಿಗೆ ತೂರಿ ನೋಡಿದರೆ ಚಾಸಿ ಹಪ್ಪಳ.
ನಾಲ್ಕು ಸೀಸನ್ನು ಪ್ರವಾಸಿಗಳ ಜೊತೆ ಅಲೆಯಂಚಿನಲ್ಲಿ ಓಡಿತ್ತಂತೆ.
ಉಪ್ಪಿನ ಋಣ ಅಂದರೆ ಇದೇ ಇರಬೇಕು.

ಕುಡ್ಚಡೆಯದು "ಡಾಕ್ಟರ ಗಾಡಿ, ಒಬ್ಬರೇ ಮಾಲೀಕರು."
ಕಾಯ್ತಾನ ಕಾರ್ಪೆಟ್ಟು ಎತ್ತಿ ಉಗುರಿನಲ್ಲಿ ಕೆರೆದ:
ಕುಂಕುಮದಂಥ ಧೂಳು.
"ಯಾವ ಡಾಕ್ಟರು ಗಣಿಯೊಳಗೆ ದವಾಖಾನೆ ಇಟ್ಟಿದ್ದರು?"
ಮಾರುವವನೂ ನಕ್ಕ. ಚಹಾ ತರಿಸಿದ.

ಮಾಪುಸಾದಲ್ಲಿ ಮೀಟರು ಅರವತ್ತು ಸಾವಿರ ಎಂದಿತು,
ಸವೆದು ಕನ್ನಡಿಯಾದ ಕ್ಲಚ್ ಪೆಡಲ್ಲು ಬೇರೆ ಲೆಕ್ಕ ಹೇಳಿತು.

ಅಪ್ಪ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲೆಣಿಸುತ್ತಿದ್ದ,
ಸುಳಿ ಹುಡುಕುತ್ತಿದ್ದ. ದರ ಮಾತ್ರ
ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು.
ನಾಲಿಗೆಗೆ ಎಲುಬಿಲ್ಲ, ಬೆರಳಿಗಿದೆ ಅನ್ನುತ್ತಿದ್ದ.

ಕೊನೆಗೆ ಸಾಂಗೆಯಲ್ಲಿ, ಹಲಸಿನ ಮರದಡಿ,
ಕೋಳಿ ಕಾವಿಗೆ ಕೂತ ಒಂದು ಬೂದು ಬಣ್ಣದ್ದು.
ಎಡ ಬಾಗಿಲು ಗುದ್ದಿಸಿಕೊಂಡದ್ದು, ಸೀಟು ಹರಿದು ನಾರು ಹೊರಗೆ.
ಬಾನೆಟ್ಟು ಬಾವಿಕಟ್ಟೆಯಷ್ಟು ತಣ್ಣಗೆ.
ಒಡತಿ ಶೇವಂತಾ ಗಾಂವಕರ್, ಕಬ್ಬು ಬೆಳೆಯುವವಳು,
ನಾವು ಕೇಳುವ ಮೊದಲೇ ಶುರುಮಾಡಿದಳು:
ಮೂರನೇ ಗೇರು ಕಿರುಚುತ್ತದೆ,
ಈ ಕಿಟಕಿ ಇಳಿದರೆ ಏರುವುದಿಲ್ಲ,
ಹೀಟರ್ ಪ್ಲಗ್ ಒಂದು ಸತ್ತಿದೆ, ಯಾವುದೆಂದು ಗೊತ್ತಿಲ್ಲ.
ಎರಡು ಸಲ ಗೊಣಗಿ ಎದ್ದಿತು. ಕೋಳಿ ಹಾರಿತು.
ಫೋರ್‌ವೀಲಿನ ಚಿಕ್ಕ ಕೋಲು,
ಬೇರೆ ಕಡೆಯೆಲ್ಲ ತುಕ್ಕು ಹಿಡಿದು ಅಲಂಕಾರಕ್ಕಿದ್ದದ್ದು,
ಇಲ್ಲಿ ಒಂದೇ ಎಳೆತಕ್ಕೆ ಕಟಕ್ ಎಂದಿತು.
ಕಾಯ್ತಾನ ಸ್ಕ್ರೂಡ್ರೈವರು ಕಿವಿಯಿಂದಿಳಿಸಿ ಜೇಬಿಗಿಟ್ಟ.
ಅಷ್ಟೇ.

ಮುಂಗಡ ಕೊಟ್ಟು ಬಂದೆ.
ಕಡಿಮೆ ಬಿದ್ದ ದುಡ್ಡನ್ನು ಹಳೆಯದೇ ತರಬೇಕು.

ಭಾನುವಾರ ಎಂಟಕ್ಕೆ ಬರುತ್ತೇನೆಂದಿದ್ದ ಕೇರಿಯ ಹುಡುಗ,
ಹಾಲಿನ ಕ್ಯಾನು ಸಾಗಿಸಲು ಬೇಕಂತೆ.
ಏಳಕ್ಕೇ ನಾನು ಅಂಗಳಕ್ಕಿಳಿದು ಚಾವಿ ತಿರುವಿದೆ.
ಮೂರು ಕೆಮ್ಮು. ಬಿಳಿ ಹೊಗೆ.
ಅದು ಚದುರುವವರೆಗೆ ಓಡಲು ಬಿಟ್ಟೆ,
ಆಮೇಲೆ ಇನ್ನೂ ಹತ್ತು ನಿಮಿಷ.
ನೀಲವ್ವ ಬಾಗಿಲಲ್ಲಿ ನಿಂತು ನೋಡಿದಳು.
ಏನೂ ಅನ್ನಲಿಲ್ಲ, ಪೊರಕೆಯ ಸದ್ದು ಮಾತ್ರ ಜೋರಾಯಿತು.

ಹುಡುಗ ಬಂದ, ಒಬ್ಬನೇ, ಮಿಸ್ತ್ರಿಯಿಲ್ಲದೆ.
ಟೈರಿಗೆ ಒದೆಯಲಿಲ್ಲ, ಕೆಳಗೆ ಬಗ್ಗಲಿಲ್ಲ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಪರೀಕ್ಷೆಗಲ್ಲ,
ಎಮ್ಮೆಯ ಬೆನ್ನ ಮೇಲಿಡುವಂತೆ, ಸುಮ್ಮನೆ.
"ಬೆಚ್ಚಗಿದೆ" ಎಂದು ನಕ್ಕ.

ನನಗೆ ಕೆಮ್ಮು ಬಂತು, ಮೂರು ಸಲ.

"ನಾಳೆ ಬಾರೋ, ಬೆಳಕು ಹರಿಯುವ ಮೊದಲು.
ತಣ್ಣಗಿರುತ್ತದೆ. ನೀನೇ ಚಾವಿ ತಿರುವು,
ಕಿವಿಗೊಟ್ಟು ಕೇಳು. ದರ ಆಮೇಲೆ."

ನೀಲವ್ವ ಎರಡು ಲೋಟ ಚಹಾ ತಂದು
ಇನ್ನೂ ಆರದ ಬಾನೆಟ್ಟಿನ ಮೇಲಿಟ್ಟಳು.